ಬೆಳೆಗಳ ಲೆಕ್ಕವೂ ಭೂಮಿಯ ಕ್ರಯವೂ

(ಧ್ಯಾನಕ್ಕೆ: ಯಾಜಕಕಾಂಡ 25ನೆಯ ಅಧ್ಯಾಯ, 14ರಿಂದ 28ನೆಯ ವಚನಗಳು)



ಭೂಮಿಯ ಕ್ರಯವಿಕ್ರಯದ ವಿಷಯವಾಗಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಜ್ಞೆಯು ಇಂದು ಓದುವವರಿಗೆ ಆಶ್ಚರ್ಯವಾಗಿ ತೋರುವದು. ಒಬ್ಬನು ಬಡತನದಿಂದ ತನ್ನ ಹೊಲವನ್ನು ಮಾರಬೇಕಾದರೆ ಅದರ ಕ್ರಯವನ್ನು ಹೇಗೆ ಗೊತ್ತುಮಾಡತಕ್ಕದ್ದು? ಐವತ್ತನೆಯ ವರುಷವಾದ ಜೂಬಿಲಿ ಸಂವತ್ಸರವು ಬರುವ ತನಕ ಆ ಹೊಲದಲ್ಲಿ ಇನ್ನೆಷ್ಟು ಬೆಳೆಗಳು ಬರುವವೆಂದು ಎಣಿಸಬೇಕು. ಬೆಳೆಗಳು ಹೆಚ್ಚಾಗಿದ್ದರೆ ಕ್ರಯವು ಹೆಚ್ಚು, ಕಡಿಮೆಯಾಗಿದ್ದರೆ ಕ್ರಯವೂ ಕಡಿಮೆ. ಯಾಕಂದರೆ ಭೂಮಿಯು ದೇವರದು. ಮನುಷ್ಯನು ಅದರಲ್ಲಿ ಸ್ವಲ್ಪಕಾಲ ಇಳುಕೊಂಡಿರುವವನು. ಕೊಳ್ಳುವವನಿಗೆ ದೊರೆಯುವದು ಬೆಳೆಗಳೇ ಹೊರತು ನೆಲವಲ್ಲ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಈಗ ನಡೆಯುವ ಲೆಕ್ಕವು ಬೇರೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಡದಲ್ಲಿ ನೀರು ಉಂಟು, ಕಬ್ಬು ಉಂಟು, ಸಕ್ಕರೆ ಕಾರ್ಖಾನೆಗಳು ಉಂಟು. ಇವುಗಳಿಂದ ಹೊಲದ ಬೆಲೆಯು ಏರುವದು ಸಹಜವೇ, ಅದು ಬೆಳೆಯ ಲೆಕ್ಕವೇ ಆಗಿದೆ. ಆದರೆ ನಿಪ್ಪಾಣಿಯ ಮೇಲೆ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಬದಿಯಲ್ಲಿಯೂ ಪೇಟೆಗಳ ಅಂಚಿನಲ್ಲಿಯೂ ಹೊಲವನ್ನು ಬೆಳೆಯಿಂದ ಅಳೆಯುವವರಿಲ್ಲ. ಗುಂಟೆಗುಂಟೆಯಾಗಿ ಮನೆಯ ಜಾಗವೆಂದು ಅಳೆಯುತ್ತಾರೆ. 1974ರಲ್ಲಿ ಭೂಸುಧಾರಣೆಯ ಕಾನೂನು ತಿದ್ದಲ್ಪಟ್ಟು, ಗೇಣಿ ಕೊಟ್ಟು ಉಳುತ್ತಿದ್ದವನು ಹೊಲದ ಒಡೆಯನಾಗುವ ದಾರಿಯಾಯಿತು. 2020ರಲ್ಲಿ ಅದೇ ಕಾನೂನು ಮತ್ತೆ ತಿದ್ದಲ್ಪಟ್ಟು, ಬೇಸಾಯಗಾರರಲ್ಲದವರೂ ಹೊಲವನ್ನು ಕೊಳ್ಳಬಹುದೆಂದಾಯಿತು. ಹೀಗೆ ನೇಗಿಲನ್ನು ಮುಟ್ಟದವರ ಹಣಕ್ಕೂ ಬಾಗಿಲು ತೆರೆಯಿತು.

ನೆಲದ ಬೆಲೆಯು ಏರಿದಂತೆ ಬೆಳೆಯ ಬೆಲೆಯೂ ಏರಿತೋ? 1981ರಲ್ಲಿ ನಿಪ್ಪಾಣಿಯ ತಂಬಾಕಿನ ರೈತರು ತಮ್ಮ ಬೆಳೆಗೆ ತಕ್ಕ ಬೆಲೆಯನ್ನು ಕೇಳಿ ಹೆದ್ದಾರಿಯಲ್ಲಿ ಕುಳಿತುಕೊಂಡರು. ಏಪ್ರಿಲ್ ತಿಂಗಳಲ್ಲಿ ಪೊಲೀಸರ ಗುಂಡಿಗೆ 12 ಮಂದಿ ರೈತರು ಪ್ರಾಣವನ್ನು ಕಳಕೊಂಡರು. ಬೆಳೆಯ ಬೆಲೆಯನ್ನು ಕೇಳಿದವರಿಗೆ ಹೀಗಾಯಿತು. ನೆಲದ ಬೆಲೆಯಾದರೋ ಯಾರೂ ಕೇಳದೆಯೇ ಏರುತ್ತಾ ಬಂದಿದೆ. ಆದದರಿಂದ ಸಾಲಮಾಡಿ ಒಂದು ಎಕರೆಯನ್ನು ಕೊಂಡವನು ಅದರ ಬೆಳೆಯಿಂದ ಬಡ್ಡಿಯನ್ನು ತೀರಿಸುವದೇ ಕಷ್ಟ. 2019ರಲ್ಲಿಯೂ 2021ರಲ್ಲಿಯೂ ಬಂದಂಥ ನೆರೆಯು ಬಂದರೆ ಹೇಳತಕ್ಕದ್ದೇನು? ಭೂಮಿಯಿಂದಲೇ ಬದುಕುವವನಿಗೆ ಭೂಮಿಯನ್ನು ಕೊಳ್ಳುವ ಶಕ್ತಿಯಿಲ್ಲದೆ ಹೋಯಿತು. ಇದೇ ನಮ್ಮ ಸೀಮೆಯ ಸಂಕಟ.

ಹೀಗಿರಲಾಗಿ ದೇವರ ವಾಕ್ಯವು ಮೂರು ತರದ ಜನರಿಗೆ ಬುದ್ಧಿ ಹೇಳುತ್ತದೆ.

ಮೊದಲನೆಯದಾಗಿ, ಮಾರುವವನಿಗೆ. ಕಷ್ಟದಲ್ಲಿ ಹೊಲವನ್ನು ಮಾರುವದು ಪಾಪವಲ್ಲ. ದೇವರ ಆಜ್ಞೆಯೇ ಅಂಥ ಬಡವನನ್ನು ನೆನಸಿಕೊಂಡಿದೆ. ಆದರೆ ದಲಾಲನು ತೋರಿಸುವ ನೋಟಿನ ಕಟ್ಟಿಗೆ ಮರುಳಾಗಿ ಅವಸರದಲ್ಲಿ ಸಂಚಕಾರ ಹಿಡಿಯುವದು ಬೇರೆ ಮಾತು. ಇಜ್ರೇಲಿನ ನಾಬೋತನಿಗೆ ಅರಸನಾದ ಅಹಾಬನು ಬದಲಾಗಿ ಉತ್ತಮವಾದ ತೋಟವನ್ನಾಗಲಿ ಹಣವನ್ನಾಗಲಿ ಕೊಡುತ್ತೇನೆಂದರೂ ಅವನು ಪಿತೃಗಳ ಸ್ವಾಸ್ತ್ಯವನ್ನು ಬಿಡಲಿಲ್ಲ. ಹಣವು ಮದುವೆಯಲ್ಲಿಯೂ ಮೋಟಾರಿನಲ್ಲಿಯೂ ಕರಗಿಹೋದ ಮೇಲೆ, ನಿನ್ನೆಯ ಒಡೆಯನು ಅದೇ ಹೊಲಕ್ಕೆ ಕೂಲಿಗೆ ಹೋಗಬೇಕಾಗುವದು. ಸಹಿ ಮಾಡುವದಕ್ಕೆ ಮುಂಚೆ ಮನೆಯವರೆಲ್ಲರೂ ಕೂಡಿ ಉತಾರವನ್ನು ಓದಿ ನೋಡಿರಿ, ಹೆಂಡತಿಯ ಮಾತನ್ನು ಕೇಳಿರಿ, ಪ್ರಾರ್ಥನೆ ಮಾಡಿರಿ.

ಎರಡನೆಯದಾಗಿ, ಕೊಳ್ಳುವವನಿಗೂ ಒಡೆಯನಿಗೂ. ಸಭೆಯಲ್ಲಿ ಅನುಕೂಲವುಳ್ಳವರೂ ಇದ್ದಾರೆ. ದೇವರು ಅವರನ್ನು ಆಶೀರ್ವದಿಸಲಿ. ಆದರೆ ನೆರೆಯವನ ಮನೆಯಲ್ಲಿ ರೋಗ ಬಂದ ದಿನವೇ ಅವನ ಹೊಲವನ್ನು ಕೇಳಲು ಹೋಗಬೇಡಿರಿ. ಮಾರುವದರಲ್ಲಿಯೂ ಕೊಳ್ಳುವದರಲ್ಲಿಯೂ ಒಬ್ಬರಿಗೊಬ್ಬರು ಅನ್ಯಾಯಮಾಡಕೂಡದೆಂಬದೇ ಈ ಅಧ್ಯಾಯದ ಸಾರವಾಗಿದೆ. ಲಾವಣಿಗೆ ಮಾಡುವವನು ಕುಳೆ ಕಬ್ಬಿನ ಆಸೆಯಿಂದ ಗೊಬ್ಬರ ಹಾಕಿ, ನೀರು ಹಾಯಿಸಿ ಬೆವರು ಸುರಿಸಿರುವಾಗ, ಹೆಚ್ಚಿನ ಬೆಲೆಗೆ ಮಾರುವ ಆತುರದಿಂದ ಅವನನ್ನು ಬರಿಗೈಯಲ್ಲಿ ಎಬ್ಬಿಸಬೇಡಿರಿ. ಬೆಳೆಯು ಯಾರ ಬೆವರೋ ಅವರ ಪಾಲು ಅವರಿಗೆ ಸೇರಲಿ.

ಮೂರನೆಯದಾಗಿ, ಪಾಲುಗಾರರಿಗೆ. ಹೊಲವು ಅಗ್ಗವಾಗಿದ್ದಾಗ ಅಕ್ಕತಂಗಿಯರ ನೆನಪು ಹಬ್ಬಕ್ಕೆ ಸೀರೆ ಕೊಡುವಷ್ಟರಲ್ಲಿ ಮುಗಿಯುತ್ತಿತ್ತು. ಈಗ ಬೆಲೆ ಏರಿದೊಡನೆ ಅವರನ್ನು ಕರೆದು ಹಕ್ಕು ಬಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಮನೆಗಳು ನಮ್ಮಲ್ಲಿಲ್ಲವೋ? ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯದಲ್ಲಿ ಪಾಲು ಕೇಳಿದಾಗ, ಅವರು ಕೇಳುವದು ನ್ಯಾಯವೆಂದು ದೇವರು ತಾನೇ ತೀರ್ಪುಕೊಟ್ಟನು (ಅರಣ್ಯಕಾಂಡ 27). ದೇಶದ ಕಾನೂನೂ ಹಾಗೆಯೇ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮಕ್ಕಳಿದ್ದರೆ ವಿಧವೆಗೆ ಮೂರರಲ್ಲೊಂದು ಪಾಲು. ಉಳಿದದ್ದರಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಒಡಹುಟ್ಟಿದವಳ ಪಾಲನ್ನು ನುಂಗಿದ ಕೈಯಿಂದ ಕರ್ತನ ಭೋಜನದ ರೊಟ್ಟಿಯನ್ನು ತೆಗೆದುಕೊಳ್ಳುವದು ಹೇಗೆ? ಇದನ್ನು ಪ್ರತಿಯೊಬ್ಬನು ತನ್ನ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಲಿ.

ಹೊಲವನ್ನು ಮಾರಿದ ಬಡವನಿಗೋಸ್ಕರ ಅವನ ಸಮೀಪಬಂಧುವು ಬಂದು ಅದನ್ನು ಬಿಡಿಸಬೇಕೆಂದು ದೇವರು ಅಪ್ಪಣೆಕೊಟ್ಟನು. ಕ್ರಿಸ್ತನು ತನ್ನ ರಕ್ತವನ್ನೇ ಕ್ರಯವಾಗಿ ಕೊಟ್ಟು ನಮ್ಮನ್ನು ಬಿಡಿಸಿದ ಸಮೀಪಬಂಧುವಾಗಿದ್ದಾನೆ. ಹಾಗಾದರೆ ನಾವು ಒಬ್ಬರಿಗೊಬ್ಬರು ಏನಾಗಿರಬೇಕು? ಸಭೆಯಲ್ಲಿ ಒಬ್ಬನು ದವಾಖಾನೆಯ ಖರ್ಚಿಗಾಗಿ ಎರಡೆಕರೆಯನ್ನು ಮಾರಲು ಹೊರಟಾಗ, ಹತ್ತು ಮನೆಗಳು ಸೇರಿ ಒಂದು ಸುಗ್ಗಿಯ ತನಕ ಬಡ್ಡಿಯಿಲ್ಲದೆ ಕೈಹಿಡಿದರೆ ಆ ಹೊಲವು ಅವನ ಮಕ್ಕಳಿಗೆ ಉಳಿಯುವದು. ಭೂಮಿಯ ಬೆಲೆಯನ್ನು ಇಳಿಸುವ ಶಕ್ತಿಯು ನಮಗಿಲ್ಲ. ಆದರೆ ನೆಲವು ತುಟ್ಟಿಯಾದಾಗ ಸಹೋದರನು ಅಗ್ಗವಾಗದಂತೆ ನೋಡಿಕೊಳ್ಳುವದು ನಮ್ಮಿಂದ ಆಗುವ ಕೆಲಸವಾಗಿದೆ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.