ರಿಯಾಯಿತಿ ಯಾರ ಸ್ವತ್ತು?

ಸಂಘದ ವಾರ್ಷಿಕೋತ್ಸವ ಎಂದ ಕೂಡಲೇ ನಮ್ಮಲ್ಲಿ ಮೊದಲು ಚರ್ಚೆಗೆ ಬರುತ್ತಿದ್ದುದು ಊಟದ ವಿಚಾರ. ಹೋಳಿಗೆಯೋ ಮೈಸೂರುಪಾಕೋ ಎಂಬುದು ತೀರ್ಮಾನವಾಗುವಷ್ಟರಲ್ಲಿ ಎರಡು ಸಭೆಗಳು ಮುಗಿದಿರುತ್ತಿದ್ದವು. ಈಚಿನ ವರ್ಷಗಳಲ್ಲಿ ಊಟವನ್ನು ಹಿಂದಕ್ಕೆ ತಳ್ಳಿ ವಿಮಾನದ ಟಿಕೆಟ್ಟು ಮುಂದೆ ಬಂದು ಕುಳಿತಿದೆ. ಬೆಂಗಳೂರಿನಿಂದ ಒಬ್ಬರು ಸಾಹಿತಿ, ಒಬ್ಬರು ಗಾಯಕಿ, ಅವರ ಪಕ್ಕವಾದ್ಯದವರು, ಒಂದು ಸಣ್ಣ ನಾಟಕ ತಂಡ, ಹೀಗೆ ಹತ್ತು ಹನ್ನೆರಡು ಜನ ಬರುವುದಾದರೆ, "ಒಟ್ಟಿಗೆ ಕೊಂಡರೆ ವಿಮಾನದವರು ಏನಾದರೂ ಬಿಡುತ್ತಾರೆಯೆ, ಕೇಳಿ ನೋಡಿ ಸ್ವಾಮಿ" ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಪರಊರಿನಲ್ಲಿ ಸಂಬಳವನ್ನೇ ನಂಬಿ ಬದುಕುವ ನಾವು ಚೌಕಾಶಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಕೊಂಡವರಲ್ಲ. ಆದರೆ ಸಂಘದ ಹೆಸರಿನಲ್ಲಿ ಕೇಳಿ ಪಡೆದ ರಿಯಾಯಿತಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಎತ್ತುವುದು ಕಡಿಮೆ. ವಿಮಾನದಲ್ಲಿ ಕುಳಿತು ಬಂದವರಿಗೋ, ಟಿಕೆಟ್ಟಿಗೆ ಹಣ ತೆತ್ತ ಸಂಘಕ್ಕೋ, ಓಡಾಡಿ ಅದನ್ನು ದೊರಕಿಸಿದ ಕಾರ್ಯದರ್ಶಿಗೋ? ನಾಲ್ಕು ಕಾಸಿನ ಮಾತು ಎಂದು ಇದನ್ನು ಬಿಟ್ಟುಬಿಡಬಹುದು. ಆದರೆ ನಮ್ಮಂಥವರ ಧರ್ಮಾಧರ್ಮಗಳೆಲ್ಲ ನಾಲ್ಕು ಕಾಸಿನಲ್ಲಿಯೇ ನಡೆಯಬೇಕಷ್ಟೆ. ದೊಡ್ಡ ಹಣ ನಮ್ಮ ಕೈಗೆ ಎಲ್ಲಿ ಬರುತ್ತದೆ?

ನಮ್ಮ ಸನತ್‌ನಗರಕ್ಕೆ ವಿಮಾನ ಹೊಸದಲ್ಲ. ಪಕ್ಕದ ಬೇಗಂಪೇಟೆಯೇ ನಿಜಾಮರ ಕಾಲದ ಡೆಕ್ಕನ್ ಏರ್‌ವೇಸ್‌ನ ನೆಲೆ. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾದಾಗ ಆ ಕಂಪನಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋಯಿತು. 2008ರ ಮಾರ್ಚಿಯಲ್ಲಿ ಶಂಷಾಬಾದ್ ನಿಲ್ದಾಣ ತೆರೆಯುವವರೆಗೂ ವಿಮಾನದ ಸದ್ದು ನಮ್ಮ ಮಹಡಿಯ ಮೇಲೆಯೇ ಇತ್ತು. ಸದ್ದು ನಮ್ಮದು, ಪ್ರಯಾಣ ಮಾತ್ರ ಬೇರೆಯವರದು. ವಿಮಾನ ಹತ್ತುವವರೆಂದರೆ ದೊಡ್ಡ ಸಾಹೇಬರು ಎಂಬ ಭಾವನೆಯನ್ನು ಅಲುಗಾಡಿಸಿದವರಲ್ಲಿ ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರೂ ಒಬ್ಬರು. 2003ರಲ್ಲಿ ಅವರ ಏರ್ ಡೆಕ್ಕನ್ ಹಾರಾಟ ಆರಂಭಿಸಿತು. ಆ ಕಂಪನಿ ಈಗ ಇಲ್ಲ. ಆದರೆ ಹೊತ್ತಿಗೊಂದು ದರ ಎಂಬ ಪದ್ಧತಿ ನಮ್ಮಂಥವರಿಗೂ ಆಗ ಪರಿಚಯವಾಯಿತು.

ಈ ದರದ ಗುಟ್ಟು ಎರ್ರಗಡ್ಡದ ರೈತು ಬಜಾರಿಗೆ ಸಂಜೆ ಹೋಗುವವರಿಗೆ ಗೊತ್ತು. ಬೆಳಿಗ್ಗೆ ಬಿಗಿಯಾಗಿದ್ದ ಸೊಪ್ಪು ಕತ್ತಲಾಗುತ್ತ ಸಡಿಲವಾಗುತ್ತದೆ. ಉಳಿದರೆ ಅದು ಕಸ. ವಿಮಾನದ ಖಾಲಿ ಸೀಟೂ ಹಾಗೆಯೇ, ಬಾಗಿಲು ಹಾಕಿದ ಮರುಗಳಿಗೆ ಅದಕ್ಕೆ ಬೆಲೆಯಿಲ್ಲ. ಆದರೂ ಒಂದು ವ್ಯತ್ಯಾಸವುಂಟು. ಕೊನೆಯ ಗಳಿಗೆಯಲ್ಲಿ ಓಡಿಬರುವವನಿಗೆ ಬೇರೆ ದಾರಿಯಿಲ್ಲವೆಂದು ವಿಮಾನದವರಿಗೆ ಗೊತ್ತಿರುವುದರಿಂದ, ಅಲ್ಲಿ ಕತ್ತಲಾದಂತೆ ಬೆಲೆ ಏರುವುದೇ ಹೆಚ್ಚು. ಅಂತೂ ಗುಂಪಿಗೆ ಅವರು ಬಿಡುವ ಹಣ ದಾನವಲ್ಲ. ತಿಂಗಳ ಮೊದಲೇ ಇಷ್ಟು ಸೀಟು ಖಚಿತವಾಗಿ ತುಂಬಿತೆಂಬ ನೆಮ್ಮದಿಗೆ ಅವರು ಕೊಡುವ ಬೆಲೆ. ಆದ್ದರಿಂದ ಕೇಳಲು ಸಂಕೋಚ ಬೇಡ, ದೊರೆತರೆ ಕೃತಜ್ಞತೆಯ ಭಾಷಣವೂ ಬೇಡ.

ಗುಂಪು ಎಂದರೆ ಸಾಮಾನ್ಯವಾಗಿ ಒಂದೇ ವಿಮಾನದಲ್ಲಿ ಹೋಗುವ 10 ಅಥವಾ ಹೆಚ್ಚು ಜನ. ಮುಂಗಡ ಕಟ್ಟಬೇಕು, ಹೆಸರುಗಳನ್ನು ಆಮೇಲೆ ಕೊಡಬಹುದು. ಇದೇ ನಿಜವಾದ ಅನುಕೂಲ, ಏಕೆಂದರೆ ತಬಲದವರು ಯಾರೆಂಬುದು ನಮ್ಮ ಸಂಘಗಳಲ್ಲಿ ಕೊನೆಯ ವಾರದವರೆಗೂ ನಿಶ್ಚಯವಾಗುವುದಿಲ್ಲ. ದರ ಯಾವಾಗಲೂ ಕಡಿಮೆಯೇ ಎಂದೇನಿಲ್ಲ. ಹತ್ತಕ್ಕಿಂತ ಕಡಿಮೆ ಜನರಿಗೆ ಒಟ್ಟಾಗಿ ಕೊಳ್ಳುವಾಗಲೂ ಒಂದು ತಮಾಷೆಯಿದೆ. 3,000 ರೂಪಾಯಿ ದರದ ಸೀಟು ಮೂರೇ ಉಳಿದಿವೆ, ಮುಂದಿನ ದರ 3,600 ಎಂದು ಇಟ್ಟುಕೊಳ್ಳೋಣ. ಐದು ಟಿಕೆಟ್ಟು ಒಮ್ಮೆಗೇ ಕೇಳಿದರೆ ಐದಕ್ಕೂ ಮೇಲಿನ ದರ ಬೀಳುತ್ತದೆ, ಒಟ್ಟು 18,000. ಮೂರು, ಆಮೇಲೆ ಎರಡು ಎಂದು ಬಿಡಿಸಿ ಕೊಂಡರೆ 16,200. ಇಲ್ಲಿ ಮೋಸವೇನೂ ಇಲ್ಲ. ಆದರೆ ಅತಿಥಿಗಳು ತಾವೇ ಕೊಂಡು ಬರುವುದಾದರೆ ಆ ಮೂರು ಸೀಟು ಯಾರ ಪಾಲಿಗೆ? ತಲೆಗೆ 3,240 ಎಂದು ಸಮನಾಗಿ ಹಂಚಿದರೆ ಯಾರಿಗೂ ಅಸಮಾಧಾನವಿರದು. ಬಿ.ಎಸ್‌ಸಿ.ಯಲ್ಲಿ ಕಲಿತ ಗಣಿತ ಇಷ್ಟಕ್ಕಾದರೂ ಬರಲಿ.

ಕಷ್ಟವಿರುವುದು ಎಂಟೇ ಜನ ಅತಿಥಿಗಳಿದ್ದು ಇನ್ನಿಬ್ಬರು ಬೇಕಾದಾಗ. ಅದೇ ದಿನ ಯಾರದೋ ಮದುವೆಗೆ ಬರುವ ಭಾವ, ಅತ್ತಿಗೆ ಇದ್ದೇ ಇರುತ್ತಾರೆ. ಅವರನ್ನು ಸೇರಿಸಿಕೊಂಡರೆ ಹತ್ತಾಯಿತು. ಇದು ಸರಿಯೆ? ಇಲ್ಲಿ ನಾವು ಎರಡು ಬಗೆಯ ರಿಯಾಯಿತಿಗಳನ್ನು ಬೇರೆ ಮಾಡಿ ನೋಡಬೇಕು. ಸಂಖ್ಯೆಯನ್ನಷ್ಟೇ ಕೇಳುವ ರಿಯಾಯಿತಿ ಒಂದು. ಹತ್ತು ಜನ ಒಟ್ಟಿಗೆ ಹಾರಿದರೆ ಸಾಕು, ಏಕೆ ಹಾರಿದರೆಂಬುದು ಅವರಿಗೆ ಬೇಡ. ಅಲ್ಲಿ ಭಾವನವರು ಧಾರಾಳವಾಗಿ ಹತ್ತಲಿ. ಉದ್ದೇಶವನ್ನು ಕೇಳುವ ರಿಯಾಯಿತಿ ಇನ್ನೊಂದು. ಸಂಘದ ಕಾಗದದ ಮೇಲೆ 'ಇವರು ನಮ್ಮ ಸಮ್ಮೇಳನದ ಪ್ರತಿನಿಧಿಗಳು' ಎಂದು ಬರೆದು ಮೊಹರು ಒತ್ತಿ ಕೊಟ್ಟರೆ ದೊರೆಯುವಂಥದು. ಅಲ್ಲಿ ಭಾವನವರ ಹೆಸರು ಬರೆದರೆ, ಸಂಘ ಕಟ್ಟಿದ ಹಿರಿಯರು ನಮಗೆ ಬಿಟ್ಟುಹೋದ ಮೊಹರಿನಿಂದ ಸುಳ್ಳು ಹೇಳಿಸಿದಂತೆ. ಉಳಿದದ್ದು ಕೆಲವು ನೂರು ರೂಪಾಯಿ ಎಂಬುದು ಸಮಾಧಾನವೇ? ಅಷ್ಟಕ್ಕೇ ಮೊಹರನ್ನು ಮಾರಿದೆವೆಂಬುದು ಇನ್ನೂ ನಾಚಿಕೆಯಲ್ಲವೆ?

ಉದ್ದೇಶದ ರಿಯಾಯಿತಿ ನಂಬಿಕೆಯ ಮೇಲೆ ನಿಂತದ್ದು. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೋಗುವ ನೌಕರರಿಗೆ ಕರ್ನಾಟಕ ಸರ್ಕಾರ ಅನ್ಯಕಾರ್ಯ ನಿಮಿತ್ತ ರಜೆಯ ಸವಲತ್ತು ಕೊಡುತ್ತದೆ. ಪ್ರತಿನಿಧಿಯಾಗಿ ನೋಂದಾಯಿಸಿ ಹಾಜರಾತಿ ಪತ್ರ ತರಬೇಕು. ಪತ್ರ ಪಡೆದವರೆಲ್ಲ ಗೋಷ್ಠಿಗಳಲ್ಲಿ ಕುಳಿತಿದ್ದರೇ ಅಥವಾ ಆ ಊರಿನ ದೇವಸ್ಥಾನ, ಜಲಪಾತಗಳನ್ನು ನೋಡಿ ಬಂದರೇ ಎಂಬುದನ್ನು ಅವರವರ ಮನಸ್ಸಿಗೇ ಬಿಡಬೇಕು. ರೈಲ್ವೆಯವರು ಸಹ ಒಂದು ಕಾಲದಲ್ಲಿ ಕೆಲವು ಅಖಿಲ ಭಾರತ ಸಂಸ್ಥೆಗಳ ವಾರ್ಷಿಕ ಸಮ್ಮೇಳನದ ಪ್ರತಿನಿಧಿಗಳಿಗೆ ದರದಲ್ಲಿ ಶೇಕಡ 25 ಬಿಡುತ್ತಿದ್ದರು. 2020ರ ಮಾರ್ಚಿಯಲ್ಲಿ ಕೋವಿಡ್ ಬಂದಾಗ ಅಂಗವಿಕಲರು, ರೋಗಿಗಳು, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಕೆಲವನ್ನು ಬಿಟ್ಟು ಉಳಿದ ರಿಯಾಯಿತಿಗಳೆಲ್ಲ ನಿಂತವು. ಹಿರಿಯ ನಾಗರಿಕರಲ್ಲಿ ಗಂಡಸರಿಗಿದ್ದ ಶೇಕಡ 40, ಹೆಂಗಸರಿಗಿದ್ದ ಶೇಕಡ 50 ಸಹ ಅದರೊಂದಿಗೆ ಹೋಯಿತು. ವಯಸ್ಸಾದ ಕವಿಯೊಬ್ಬರು ಕಾಚಿಗುಡದ ರೈಲು ಹಿಡಿದು ಅರ್ಧ ಹಣದಲ್ಲಿ ಬರುವ ಕಾಲ ಮುಗಿಯಿತು. ಆಕಾಶದಲ್ಲಿ ಬರುವವರಿಗೆ ಮಾತ್ರ ನಾವು ರಿಯಾಯಿತಿ ಹುಡುಕುತ್ತಿದ್ದೇವೆ. ಇದು ನಮಗೆ ವಿಚಿತ್ರವಾಗಿ ತೋರುತ್ತದೆ.

ಮೂರನೆಯ ಬಗೆಯೊಂದಿದೆ, ಅದನ್ನು ಕುರಿತೇ ಹೆಚ್ಚು ಹೇಳಬೇಕಾಗಿದೆ. ವಿಮಾನ ಕಂಪನಿಯಾಗಲಿ ಟಿಕೆಟ್ಟಿನ ಏಜೆಂಟರಾಗಲಿ 'ನಿಮ್ಮ ಅತಿಥಿಗಳಿಗೆ ದರ ಇಳಿಸುತ್ತೇವೆ, ವೇದಿಕೆಯ ಹಿಂದೆ ನಮ್ಮ ಬ್ಯಾನರ್ ಕಟ್ಟಿ, ಸ್ಮರಣ ಸಂಚಿಕೆಯಲ್ಲಿ ಒಂದು ಪುಟ ಕೊಡಿ' ಎನ್ನಬಹುದು. ಒಪ್ಪಂದ ಒಳ್ಳೆಯದೇ. ಆದರೆ ಇಲ್ಲಿ ಅವರು ಕೊಳ್ಳುತ್ತಿರುವುದೇನು? ಬ್ಯಾನರ್ ಕಟ್ಟುವ ಬಟ್ಟೆಯನ್ನಲ್ಲ, ಅದನ್ನು ನೋಡುವ ಕಣ್ಣುಗಳನ್ನು. ಎದುರಿಗೆ 400 ಜನ ಕುಳಿತಿರುವುದರಿಂದ ಆ ಬ್ಯಾನರಿಗೆ ಬೆಲೆ. ಆ 400 ಜನರಲ್ಲಿ ಬಾಲನಗರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರಿರುತ್ತಾರೆ, ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದ ಗೃಹಿಣಿಯರಿರುತ್ತಾರೆ, ರಾಯಚೂರಿನಿಂದಲೂ ಬೀದರಿನಿಂದಲೂ ಬಂದ ನೆಂಟರಿರುತ್ತಾರೆ. ವಿಮಾನದ ರಿಯಾಯಿತಿಗೆ ನಿಜವಾಗಿ ಬೆಲೆ ತೆತ್ತವರು ಇವರು. ತೆತ್ತೆವೆಂದು ಅವರಿಗೆ ತಿಳಿದೂ ಇರುವುದಿಲ್ಲ. ಹೀಗಿರುವಾಗ ಉಳಿದ ಹಣವನ್ನು 'ಅತಿಥಿಗಳ ಖರ್ಚಿನಲ್ಲಿ ಉಳಿತಾಯ' ಎಂದು ಒಂದು ಸಾಲಿನಲ್ಲಿ ಮುಗಿಸುವುದು ಲೆಕ್ಕದ ದೃಷ್ಟಿಯಿಂದ ಸರಿಯಿರಬಹುದು, ನ್ಯಾಯದ ದೃಷ್ಟಿಯಿಂದ ಅಲ್ಲ.

ಇಂಥ ಗುಂಪುಗಳಿಗೆ ಕೆಲವು ಕಡೆ ಇಷ್ಟು ಟಿಕೆಟ್ಟಿಗೆ ಒಂದು ಉಚಿತ ಎಂಬ ರೂಢಿಯೂ ಇದೆ. ಆ ಒಂದು ಟಿಕೆಟ್ಟು ಓಡಾಡಿದವರಿಗೆ ಸಲ್ಲಬೇಕು ಎಂಬ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಕಚೇರಿಯಿಂದ ಬಂದು ರಾತ್ರಿ ಹತ್ತರವರೆಗೆ ಫೋನು ಹಿಡಿದು ಕುಳಿತವರ ಶ್ರಮಕ್ಕೆ ಬೆಲೆಯಿಲ್ಲವೆ? ಇದೆ. ಅದನ್ನು ಸಭೆಯಲ್ಲಿ ಹೇಳಿ, ಒಪ್ಪಿಗೆ ಪಡೆದು, ಹೆಸರು ಹಿಡಿದು ಕೊಡಬೇಕು. ಅದಾಗಿಯೇ ಜಾರಿ ಒಬ್ಬರ ಜೇಬಿಗೆ ಬೀಳಬಾರದು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಈ ವಿವೇಕ ಹೊಸದಲ್ಲ. ಸರ್ಕಾರಿ ಕೆಲಸದ ಪ್ರಯಾಣದಲ್ಲಿ ವಿಮಾನ ಕಂಪನಿ ಕೊಡುವ ಮೈಲೇಜ್ ಪಾಯಿಂಟುಗಳನ್ನು ಸರ್ಕಾರಿ ಪ್ರಯಾಣಕ್ಕೇ ಬಳಸಬೇಕು, ಸ್ವಂತಕ್ಕೆ ಬಳಸಿದರೆ ಇಲಾಖಾ ಕ್ರಮ ಉಂಟು ಎಂದು ಹಣಕಾಸು ಸಚಿವಾಲಯದ 2017ರ ಜುಲೈ ಆದೇಶ ಸ್ಪಷ್ಟವಾಗಿ ಹೇಳಿದೆ. ನಮ್ಮಂಥ ಗುಮಾಸ್ತರಿಗೆ ವಿಮಾನವೇ ಅಪರೂಪ, ಪಾಯಿಂಟು ಎಲ್ಲಿಂದ ಬರಬೇಕು, ಅದು ಬೇರೆ ಮಾತು. ಹಣ ಯಾರದೋ ಅದರಿಂದ ಹುಟ್ಟಿದ ಲಾಭವೂ ಅವರದೇ ಎಂಬ ತತ್ತ್ವವನ್ನು ಕಚೇರಿಯಲ್ಲಿ ಒಪ್ಪಿ, ಭಾನುವಾರ ಸಂಘದಲ್ಲಿ ಮರೆಯುವುದು ಹೇಗೆ?

ಇನ್ನು ಅತಿಥಿಯ ಮಾತು. ತಿಥಿ ನೋಡದೆ ಬರುವವನು ಅತಿಥಿ ಎಂದು ಹಿಂದಿನವರು ಹೇಳುತ್ತಿದ್ದರು. ನಾವೋ ಬದಲಾಯಿಸಲು ಬಾರದ ತಾರೀಖಿನ ಟಿಕೆಟ್ಟು ಕಳಿಸಿ ಕರೆಯುತ್ತೇವೆ. ದರ ಕಡಿಮೆಯೆಂದು ನಸುಕಿನ ಐದು ಗಂಟೆಯ ವಿಮಾನ ಗೊತ್ತುಮಾಡಿದರೆ, ಜಯನಗರದಲ್ಲಿರುವ ಎಪ್ಪತ್ತು ದಾಟಿದ ಲೇಖಕರು ದೇವನಹಳ್ಳಿ ಮುಟ್ಟಲು ರಾತ್ರಿ ಎರಡಕ್ಕೇ ಎದ್ದು ಹೊರಡಬೇಕು. ಶಂಷಾಬಾದಿನಲ್ಲಿ ಇಳಿದ ಮೇಲೆ ಸನತ್‌ನಗರಕ್ಕೆ ಮತ್ತೆ ಒಂದು ಗಂಟೆಗೂ ಮಿಕ್ಕಿದ ಕಾರಿನ ಪ್ರಯಾಣ. ಗುಂಪಿನ ಟಿಕೆಟ್ಟಾದ್ದರಿಂದ ನಾಟಕ ತಂಡದೊಡನೆಯೇ ಬರಬೇಕು, ಅವರೊಡನೆಯೇ ಮರಳಬೇಕು. ಸಂಜೆ ಅವರು ವೇದಿಕೆಯ ಮೇಲೆ ತೂಕಡಿಸಿದರೆ ತಪ್ಪು ಯಾರದು? ರಿಯಾಯಿತಿಯ ಬೆಲೆಯನ್ನು ಅತಿಥಿಯ ನಿದ್ರೆಯಿಂದ ತೀರಿಸುವುದು ಆತಿಥ್ಯವಲ್ಲ. ಅವರನ್ನು ಮೊದಲೇ ಕೇಳಬೇಕು. 'ನನಗೆ ರೈಲೇ ವಾಸಿ, ರಾತ್ರಿ ಮಲಗಿ ಬೆಳಿಗ್ಗೆ ಕಾಚಿಗುಡದಲ್ಲಿ ಇಳಿಯುತ್ತೇನೆ' ಎನ್ನುವವರು ಈಗಲೂ ಇದ್ದಾರೆ. ಅವರು ಹಾಗೆಂದರೆ ಗುಂಪು ಹತ್ತರಿಂದ ಒಂಬತ್ತಕ್ಕಿಳಿದು ರಿಯಾಯಿತಿಯೇ ಹೋಗಬಹುದು. ಹೋಗಲಿ.

ಹಾಗಾದರೆ ಮಾಡುವುದೇನು? ನಮಗೆ ತೋಚುವುದು ಇಷ್ಟು. ಹನ್ನೆರಡು ಟಿಕೆಟ್ಟುಗಳಲ್ಲಿ ತಲೆಗೆ 500 ಉಳಿಯಿತೆನ್ನಿ, 6,000 ರೂಪಾಯಿ. ಅದನ್ನು ಕಾರ್ಯಕ್ರಮದ ಬೊಕ್ಕಸಕ್ಕೆ ಸುರಿದು ಹೂವಿನ ಹಾರಕ್ಕೆ ಖರ್ಚು ಮಾಡದೆ ಬೇರೆ ಇಡೋಣ. ನಮ್ಮ ಕಾರ್ಯಕ್ರಮಗಳಿಗೆ ಗಡಿ ಜಿಲ್ಲೆಗಳಿಂದ ಬಂದು ತತ್ವಪದವನ್ನೋ ಕೋಲಾಟವನ್ನೋ ಒಪ್ಪಿಸಿ ಹೋಗುವವರಿಗೆ ನಾವು ಶಾಲು ಹೊದಿಸುತ್ತೇವೆ, ಊಟ ಬಡಿಸುತ್ತೇವೆ, 'ಬಸ್ಸಿಗೆ ಎಷ್ಟಾಯಿತು?' ಎಂದು ಕೇಳುವುದನ್ನು ಅನೇಕ ವೇಳೆ ಮರೆಯುತ್ತೇವೆ. ಅವರೂ ಹೇಳುವುದಿಲ್ಲ, ಕರೆದರಲ್ಲ ಎಂಬ ಸಂತೋಷದಲ್ಲಿಯೇ ಇರುತ್ತಾರೆ. 6,000ಕ್ಕೆ ಒಂದು ತಂಡದ ಬಸ್ಸಿನ ಖರ್ಚೆಲ್ಲ ತೀರದಿದ್ದರೂ ಒಂದು ಭಾಗವಾದರೂ ತೀರುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಮಾತು ಬಂದರೆ, ಖಜಾಂಚಿಯವರು ಇದನ್ನು ಯಾವ ಶೀರ್ಷಿಕೆಯಡಿ ಬರೆಯುವುದು ಎಂದು ಕೇಳದೆ ಬಿಡುವುದಿಲ್ಲ. 'ಅತಿಥಿಗಳ ಪ್ರಯಾಣ ವೆಚ್ಚ' ಎಂದೇ ಬರೆಯಬಹುದು. ಹೊಸ ಶೀರ್ಷಿಕೆ ಬೇಕಾಗಿಲ್ಲ.