ಕಲೆ ತಿಕ್ಕೋರು, ಮೊಳೆ ಕೀಳೋರು

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ ಬಯಲುಸೀಮೆ. ವರ್ಷವಿಡೀ ಹರಿಯೋ ಹೊಳೆ ಇಲ್ಲಿಲ್ಲ. ಇರೋದು ಕೆರೆ. ಕೆರೆ ತುಂಬಿದ ವರ್ಷ ಮೀನು, ಮೀನಿದ್ದರೆ ತೆಪ್ಪ. ಪುಸ್ತಕದವರು ಅದನ್ನೇ ಹರಿಗೋಲು ಅಂತಾರೆ. ಹೊಳೆಯಿಲ್ಲದ ಸೀಮೆಯಲ್ಲಿ ಕೂತು ಹಳೇ ದೋಣಿಯ ತಳದ ಕಲೆ ತೆಗೆಯೋ ಮಾತು ಯಾಕೆ ಅಂತ ಗೆಳೆಯರು ಕೇಳಬಹುದು. ಕಲೆ, ಮೈಲಿಗೆ, ತೊಳೆಯೋದು, ಶುದ್ಧಿ ಮಾಡೋದು, ಈ ಮಾತುಗಳ ಏಟು ತಿಂದವರು ನಾವು. ಇವುಗಳ ಅರ್ಥವನ್ನು ಶಾಸ್ತ್ರದ ಬಾಯಿಂದ ಸಾಕಷ್ಟು ಕೇಳಿದ್ದಾಗಿದೆ. ಈ ಸಲ ಕೆಲಸ ಮಾಡೋ ಕೈಯನ್ನು ಕೇಳೋಣ.

ತೆಪ್ಪದ ಒಡಲು ಬಿದಿರಿನ ದಬ್ಬೆಯ ಹೆಣಿಗೆ. ಈಗ ಅದರ ಹೊರಮೈಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನ ತೆಪ್ಪಗಳೂ ಬಂದಿವೆ. ಹಿಂದೆ ಹೊದಿಸುತ್ತಿದ್ದದ್ದು ದನದ ಚರ್ಮ, ಎಮ್ಮೆಯ ಚರ್ಮ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂತು ದಾಟುತ್ತಿದ್ದರಂತೆ.

ಬಿದಿರು ಹೆಣೆದವನು ಮೇದ. ಚರ್ಮ ಸುಲಿದು ಹದ ಮಾಡಿದವನು ಮಾದಿಗ. ಹುಟ್ಟು ಹಾಕಿದವನು ಅಂಬಿಗ. ದಾಟಿದವರು ಎಲ್ಲರೂ. ಸತ್ತ ದನ ಮುಟ್ಟಿದ ಕೈ ಮೈಲಿಗೆಯಾಯಿತು. ಅದೇ ದನದ ಚರ್ಮದ ಆಸರೆಯಲ್ಲಿ ಕೂತು ಆಚೆ ದಡ ಸೇರಿದವನ ಮಡಿಗೆ ಮಾತ್ರ ಏನೂ ಆಗಲಿಲ್ಲ. ಹೊಳೆ ದಾಟುವಾಗ ಸುಮ್ಮನಿದ್ದ ಶಾಸ್ತ್ರ ದಡ ಹತ್ತಿದ ಮೇಲೆ ಬಾಯಿ ಬಿಟ್ಟಿತು. ಅಂದಮೇಲೆ ಈ ಮೈಲಿಗೆ ಚರ್ಮದಲ್ಲಿತ್ತಾ? ಅಲ್ಲಿದ್ದಿದ್ದರೆ ದೋಣಿಯಲ್ಲಿ ಕೂತವರಿಗೆಲ್ಲ ಸಮನಾಗಿ ಮೆತ್ತಿಕೊಳ್ಳಬೇಕಿತ್ತು.

ಈಗ ನಿಜವಾದ ಕಲೆಯ ಮಾತಿಗೆ ಬರೋಣ. ಬಹುಕಾಲ ನೀರಲ್ಲಿದ್ದ ದೋಣಿಯ ತಳದಲ್ಲಿ ಮೂರು ಬಗೆಯ ಕಪ್ಪು ಕಾಣುತ್ತೆ.

ಮೊದಲನೆಯದು ಪಾಚಿ, ಕೆಸರು. ಇದು ಹೊರಗಿಂದ ಬಂದು ಕೂತದ್ದು. ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿ, ತೇವ ಆರೋ ಮೊದಲೇ ತೆಂಗಿನ ನಾರಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತೆ.

ಎರಡನೆಯದು ಬಳಿದ ಕಪ್ಪು. ತೆಪ್ಪಕ್ಕೆ ಡಾಂಬರು. ಕರಾವಳಿಯ ಮರದ ದೋಣಿಗಾದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ. ನೋಡೋಕೆ ಕೊಳಕು, ಮೂಗಿಗೂ ಹಿತವಲ್ಲ. ಆದರೆ ನೀರನ್ನು ಹೊರಗಿಟ್ಟಿರೋದು, ಮರ ತಿನ್ನೋ ಹುಳುವನ್ನು ತಡೆದಿರೋದು ಅದೇ. ಚಂದ ಕಾಣಲಿ ಅಂತ ಸೀಮೆಎಣ್ಣೆ ಹಾಕಿ ತಿಕ್ಕಿದರೆ ಡಾಂಬರು ಕರಗುತ್ತೆ, ತೆಪ್ಪದೊಳಕ್ಕೆ ನೀರು ಬರುತ್ತೆ.

ಮೂರನೆಯದು ಮೊಂಡ ಕಲೆ. ಮರದಲ್ಲಿ ಒಗರು ಇರುತ್ತೆ. ಹಲಗೆ ಜೋಡಿಸೋಕೆ ಹೊಡೆದ ಕಬ್ಬಿಣದ ಮೊಳೆ ನೀರಿಗೆ ತುಕ್ಕು ಹಿಡಿದು, ಆ ತುಕ್ಕು ಒಗರಿನ ಜೊತೆ ಸೇರಿದಾಗ ಮೊಳೆಯ ಸುತ್ತ ನೀಲಿಗಪ್ಪು ಹರಡುತ್ತೆ. ಸೋಪಿಗೆ ಅದು ಹೋಗಲ್ಲ. ಬ್ಲೀಚಿಂಗ್ ಪುಡಿಗೂ ಜಗ್ಗಲ್ಲ. ಆಕ್ಸಾಲಿಕ್ ಆಮ್ಲ ಹಚ್ಚಿದರೆ ತಿಳಿಯಾಗುತ್ತೆ. ಆದರೆ ಅದೇ ಮೊಳೆ ಅಲ್ಲೇ ಇದ್ದರೆ, ಮತ್ತೆ ನೀರು ತಾಕಿದರೆ, ಕಲೆ ಮತ್ತೆ ಬರುತ್ತೆ. ಅದಕ್ಕೇ ತಿಳಿದವರು ಮೊಳೆಯನ್ನೇ ಕಿತ್ತು ತಾಮ್ರದ್ದು ಹೊಡೆಯುತ್ತಾರೆ.

ಕೈಯ ತಿಳುವಳಿಕೆ ಇಷ್ಟು: ತೊಳೆಯಬೇಕಾದ್ದು ಒಂದು, ಉಳಿಸಿಕೊಳ್ಳಬೇಕಾದ್ದು ಒಂದು, ಬೇರು ಹುಡುಕಿ ಕೀಳಬೇಕಾದ್ದು ಒಂದು. ದೋಣಿ ತೇಲುತ್ತಾ ಮುಳುಗುತ್ತಾ ಅನ್ನೋದೇ ಅದರ ಒರೆಗಲ್ಲು.

ಜಾತಿಯವರ ಶುದ್ಧೀಕರಣವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿ. 1927ರ ಮಾರ್ಚ್ 20ರಂದು ಮಹಾಡ್‌ನ ಚೌಡರ್ ಕೆರೆಯಲ್ಲಿ ಬಾಬಾಸಾಹೇಬರು ತಮ್ಮ ಜನರೊಂದಿಗೆ ನೀರು ಕುಡಿದರು. ಆ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು. ಮನುಷ್ಯರು ಕುಡಿದ ಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಮಡಕೆಗಟ್ಟಲೆ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದು ಹಳೇ ಕಾಲ ಅನ್ನೋರಿಗೆ: 2022ರ ನವೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿಸಿ ಗಂಜಲದಿಂದ ತೊಳೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು.

ಕೂಲಿ ಮಾಡಿ ತಿನ್ನೋ ಮನೆಗೆ 60,000 ಅಂದರೆ ಎಷ್ಟು ತಿಂಗಳ ಅನ್ನ, ಲೆಕ್ಕ ಹಾಕಿ. ಆ ಕೋಲಿನ ಮೇಲೆ ಯಾವ ಕಲೆ ಇತ್ತು? ತೊಂಬೆಯ ತಳದಲ್ಲಿ ಯಾವ ಪಾಚಿ ಕಟ್ಟಿತ್ತು? ದೋಣಿ ತೊಳೆಯೋನು ಕಣ್ಣಿಗೆ ಕಂಡದ್ದನ್ನು ತೊಳೆಯುತ್ತಾನೆ. ಇವರು ಇಲ್ಲದ್ದನ್ನು ತೊಳೆದು, ಇದ್ದದ್ದನ್ನು ಜೋಪಾನ ಮಾಡಿದರು. ಹೆಗ್ಗೊಠಾರಕ್ಕೆ ಆಮೇಲೆ ಅಧಿಕಾರಿಗಳು ಬಂದು ಊರಿನ ನಲ್ಲಿಗಳಲ್ಲಿ ದಲಿತರಿಗೆ ನೀರು ಕುಡಿಸಿದರು. ಬೇಕಾದ ಕೆಲಸವೇ. ಆದರೆ ಜೀಪು ಹೊರಟುಹೋದ ಮೇಲೆ ಮೊಳೆ ಅಲ್ಲೇ ಇರುತ್ತಲ್ಲ, ಅದರ ಚಿಂತೆ ನಮ್ಮದು.

ಇನ್ನೊಂದು ಪ್ರಶ್ನೆ ನಮ್ಮ ಕೇರಿಯೊಳಗಿನದು. 'ನೀವು ಮೊದಲು ಸ್ವಚ್ಛವಾಗಿರಿ, ಅದು ತಿನ್ನೋದು ಬಿಡಿ, ಇದು ಮುಟ್ಟೋದು ಬಿಡಿ, ಆಗ ನಿಮ್ಮನ್ನು ಸೇರಿಸ್ತಾರೆ' ಅನ್ನೋ ಉಪದೇಶಕ್ಕೆ ಏನು ಹೇಳಬೇಕು? ಮಹಾಡ್‌ನಲ್ಲಿ ಬಾಬಾಸಾಹೇಬರೇ ಸತ್ತ ದನದ ಬಾಡು ಬಿಡಿ ಅಂತ ತಮ್ಮವರಿಗೆ ಹೇಳಿದ್ದುಂಟು. ತಮ್ಮ ಜನರ ಸ್ವಾಭಿಮಾನಕ್ಕೆ ಹೇಳಿದ ಮಾತದು. ಮೇಲಿನವರ ಒಪ್ಪಿಗೆ ಪತ್ರಕ್ಕಲ್ಲ. ಅಲ್ಲಿಗೇ ನಿಲ್ಲಲೂ ಇಲ್ಲ. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟರು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಅವರನ್ನು ಭಾಷಣಕ್ಕೆ ಕರೆದು, ಬರೆದದ್ದು ಓದಿ ಹೆದರಿ ಸಭೆಯನ್ನೇ ರದ್ದು ಮಾಡಿದಾಗ, ಅದನ್ನು 'ಜಾತಿ ವಿನಾಶ' ಅಂತ ತಾವೇ ಅಚ್ಚು ಹಾಕಿಸಿದರು. ಜಾತಿಗೆ ಬಲ ಕೊಟ್ಟಿರೋದು ಶಾಸ್ತ್ರದ ಪಾವಿತ್ರ್ಯ, ಅದು ಅಲುಗಾಡದೆ ಜಾತಿ ಅಲುಗಲ್ಲ ಅನ್ನೋದು ಅದರ ತಿರುಳು. ಜಾತಿ ಬೇಡ ಅನ್ನುತ್ತಿದ್ದ ಸುಧಾರಕರೇ ಮೊಳೆಗೆ ಕೈ ಹಾಕಿದ ಕೂಡಲೇ ಹಿಂದೆ ಸರಿದರು.

ಬಣ್ಣದ ವಿಷಯವೊಂದು ಮೇಷ್ಟ್ರುಗಳು ತರಗತಿಯಲ್ಲೇ ಮಾಡಿ ತೋರಿಸಬಹುದು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಕಪ್ಪು ಶಾಯಿಯಾಗುತ್ತೆ. ಅದೇ ಅಳಲೆಕಾಯಿ, ತಂಗಡಿ ಚಕ್ಕೆ ಚರ್ಮ ಹದ ಮಾಡೋ ತೊಟ್ಟಿಗೂ ಬೀಳುತ್ತೆ. ಒಗರು ಕುಡಿದ ಚರ್ಮಕ್ಕೆ ಕಬ್ಬಿಣ ತಾಕಿದರೆ ಅಲ್ಲೂ ಅದೇ ಕಪ್ಪು. ದೋಣಿಯ ಮೊಳೆಯ ಸುತ್ತಲೂ ಅದೇ. ಶಾನುಭೋಗರ ಬೆರಳಿಗೆ ಹತ್ತಿದ್ದು ವಿದ್ಯೆಯ ಗುರುತು, ಮಾದಿಗರ ಬೆರಳಿಗೆ ಹತ್ತಿದ್ದು ಹುಟ್ಟಿನ ಮೈಲಿಗೆ. ರಸಾಯನಶಾಸ್ತ್ರಕ್ಕೆ ಈ ಭೇದ ಗೊತ್ತಿಲ್ಲ. ಕನ್ನಡದಲ್ಲಿ ಕಲೆ ಅನ್ನೋ ಒಂದೇ ಮಾತಿಗೆ ಎರಡು ಅರ್ಥ ಇದೆ. ಯಾವ ಕೈಗೆ ಯಾವ ಅರ್ಥ ಅಂತ ಹಂಚಿದವರು ಯಾರು, ಅದನ್ನು ಮಕ್ಕಳೇ ಕೇಳಲಿ.

ಅದರಿಂದ ದುಡಿದ ಕೈಯ ಕಪ್ಪನ್ನು ನಾಚಿಕೊಂಡು ಉಜ್ಜಿ ಉಜ್ಜಿ ತೊಳೆಯೋ ಹಂಗು ನಮಗೆ ಬೇಡ. ಊರನ್ನು ತೇಲಿಸಿದ್ದೇ ಆ ಕಪ್ಪು. ಮೇಲೆ ಕೂತ ಪಾಚಿಯನ್ನು ನಾವೇ ತೊಳೆದುಕೊಳ್ಳುತ್ತೇವೆ. ಕುಡಿತ, ನಮ್ಮನಮ್ಮಲ್ಲೇ ಎಡಗೈ ಬಲಗೈ ಅನ್ನೋ ಜಗಳ, ಹೆಣ್ಣುಮಕ್ಕಳ ಮೇಲೆ ಎತ್ತೋ ಕೈ, ಇವು ನಮ್ಮ ಲೆಕ್ಕಕ್ಕೆ ಸೇರಿದ್ದು. ಉಳಿದದ್ದು ಮೊಳೆ. ಭೂಮಿ ಯಾರ ಹೆಸರಲ್ಲಿದೆ, ಸ್ಮಶಾನ ಎಷ್ಟಿದೆ, ಶಾಲೆಯ ಕಕ್ಕಸು ತೊಳೆಯೋಕೆ ಯಾವ ಮಗುವನ್ನು ಕಳಿಸುತ್ತಾರೆ, ಜಾತಿ ಬಿಟ್ಟು ಮದುವೆಯಾದವರಿಗೆ ಊರಲ್ಲಿ ಜಾಗ ಇದೆಯಾ, ಅಲ್ಲೆಲ್ಲ ಅದು ನಾಟಿದೆ.

ಹಳೇ ಮೊಳೆ ಕೀಳುವಾಗ ಹಲಗೆ ಕಿರ್ ಅನ್ನುತ್ತೆ, ಅಂಚು ಸ್ವಲ್ಪ ಸೀಳಲೂಬಹುದು. ಊರು ಒಡೆಯುತ್ತೆ, ಸಾಮರಸ್ಯ ಕೆಡುತ್ತೆ ಅಂತ ಕೂಗೋರು ಆ ಸದ್ದಿಗೆ ಹೆದರಿದವರು. ತುಕ್ಕು ಹಿಡಿದ ಮೊಳೆಯನ್ನು ಹಾಗೇ ಬಿಟ್ಟರೆ ಏನಾಗುತ್ತೆ ಅಂತ ದೋಣಿ ಕಟ್ಟೋರನ್ನು ಕೇಳಲಿ: ಸುತ್ತಲಿನ ಮರ ಮೆತ್ತಗಾಗಿ, ಮೊಳೆಗೂ ಹಿಡಿತ ಸಿಗದೆ, ಹಲಗೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.