ಇಂದಿನ ಚಿಂತನೆ: ಕೆಟ್ಟಿದ್ದು ಯಾರ ಕೈಯಿಂದ?





ಮನೆಯಲ್ಲಿ ಏನಾದರೂ ಕೆಟ್ಟಾಗ ನಮ್ಮ ಬಾಯಿಂದ ಮೊದಲು ಬರುವ ಪ್ರಶ್ನೆ ಯಾವುದು? "ಯಾಕೆ ಕೆಟ್ಟಿತು?" ಎಂದೋ, "ಯಾರು ಮುಟ್ಟಿದರು?" ಎಂದೋ? ಹೆಚ್ಚಿನ ಮನೆಗಳಲ್ಲಿ ಎರಡನೆಯದೇ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರವಿದೆ ಎಂಬುದನ್ನು ಇವತ್ತು ಒಂದು ಹಳೆಯ ಹೊಲಿಗೆ ಮಿಷನ್ ಮುಂದಿಟ್ಟುಕೊಂಡು ಯೋಚಿಸೋಣ.

ಆ ಮಿಷನ್ ನಿಮಗೆಲ್ಲ ಗೊತ್ತಿರುವುದೇ. ಎರಕದ ಕಬ್ಬಿಣದ ಕಪ್ಪು ಮೈ, ಕಾಲಲ್ಲಿ ತುಳಿಯುವ ಪೆಡಲ್, ಚರ್ಮದ ಬೆಲ್ಟು. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದಿರುತ್ತದೆ. ಬ್ಲೌಸು, ಲಂಗ, ಸೀರೆಯ ಫಾಲು ಹೊಲಿದು ಮಕ್ಕಳ ಫೀಸು ಕಟ್ಟಿದ ಮಿಷನ್ ಅದು. ನಮ್ಮಪ್ಪ ಸಂತೆಯಲ್ಲಿ ಅಂಥದ್ದೇ ಒಂದನ್ನು ಇಟ್ಟುಕೊಂಡು ಹರಿದ ಬಟ್ಟೆ ಹೊಲಿಯುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಿಷನ್ ಕೈಕೊಟ್ಟಾಗ ಅವರು ಹೇಳುತ್ತಿದ್ದ ಒಂದು ಮಾತು ನನಗೆ ಎಂ.ಎ. ಓದಿದ ಮೇಲೂ ಉಪಯೋಗಕ್ಕೆ ಬರುತ್ತಿದೆ: "ದಾರದ ದಾರಿ ಹಿಡಿದು ಹೋಗವ್ವ."

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಒಬ್ಬ ಅಕ್ಕನ ಮನೆಗೆ ಹೋಗಿದ್ದೆ. ಮದುವೆಯ ಕಾಲ. ಹೊಲಿಯಬೇಕಾದ ಬ್ಲೌಸುಗಳ ಕಟ್ಟು ಹಾಗೇ ಬಿದ್ದಿತ್ತು. ಎರಡು ದಿನದಿಂದ ಮಿಷನ್ ಓಡುತ್ತಿಲ್ಲ. ಹತ್ತನೇ ತರಗತಿ ಮುಗಿಸಿದ ಮಗಳು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಕ್ಕ ಹೇಳಿದರು: "ಇವಳು ಕಲೀತೀನಿ ಅಂತ ಕೂತ ಮೇಲೇ ಕೆಟ್ಟಿದ್ದು ಟೀಚರೇ. ಇವಳ ಕೈಗುಣವೇ ಸರಿಯಿಲ್ಲ. ಇನ್ಮೇಲೆ ಮುಟ್ಟಬೇಡ ಅಂದಿದೀನಿ."

ಅಕ್ಕ ಕೆಟ್ಟವರಲ್ಲ. ಮಿಷನ್ ನಿಂತ ದಿನ ಅವರ ಸಂಪಾದನೆಯೂ ನಿಲ್ಲುತ್ತದೆ. ಭಯದಲ್ಲಿದ್ದವರಿಗೆ ಕಾರಣ ಹುಡುಕುವ ತಾಳ್ಮೆ ಇರುವುದಿಲ್ಲ. ಹತ್ತಿರದಲ್ಲಿ ಯಾರು ಸಿಕ್ಕುತ್ತಾರೋ ಅವರೇ ಕಾರಣರಾಗಿಬಿಡುತ್ತಾರೆ.

ಬಟ್ಟೆ ತಿರುವಿ ನೋಡಿದೆ. ಮೇಲೆ ಹೊಲಿಗೆ ನೆಟ್ಟಗೇ ಇದೆ. ಅಡಿಯಲ್ಲಿ ಮಾತ್ರ ಹಕ್ಕಿಗೂಡಿನ ಹಾಗೆ ದಾರದ ಸಿಕ್ಕು. ಸಿಕ್ಕು ಕೆಳಗೆ ಕಂಡದ್ದರಿಂದ ಅಕ್ಕ ಎರಡು ದಿನವೂ ಕೆಳಗಿನ ಬಾಬಿನ್ ಕೇಸನ್ನೇ ಬಿಚ್ಚಿ, ಅದರ ಪುಟ್ಟ ತಿರುಪನ್ನು ಅತ್ತ ಇತ್ತ ತಿರುಗಿಸಿದ್ದರು. ಹೊಲಿಗೆ ಬಲ್ಲವರಿಗೆ ಗೊತ್ತು: ಅಡಿಯಲ್ಲಿ ಈ ಥರ ಸಿಕ್ಕಾದರೆ ಕಾರಣ ಸಾಮಾನ್ಯವಾಗಿ ಮೇಲಿರುತ್ತದೆ. ಪ್ರತಿ ಹೊಲಿಗೆಯಲ್ಲೂ ಮೇಲಿನ ದಾರ ಕೆಳಗಿಳಿದು, ಬಾಬಿನ್ ಸುತ್ತ ಒಂದು ಕುಣಿಕೆ ಹಾಕಿ ಬರುತ್ತದೆ. ಉಳಿದ ಸಡಿಲ ದಾರವನ್ನು ಮುಂಭಾಗದಲ್ಲಿ ಮೇಲೆ ಕೆಳಗೆ ಆಡುವ ಲಿವರ್ ಹಿಂದಕ್ಕೆ ಎಳೆದು ಬಿಗಿ ಮಾಡಬೇಕು. ಟೆನ್ಷನ್ ಬಿಲ್ಲೆಗಳು ದಾರವನ್ನು ಹಿಡಿದುಕೊಂಡಿದ್ದರೆ ಮಾತ್ರ ಅದು ಸಾಧ್ಯ. ಅವು ಹಿಡಿಯದಿದ್ದರೆ ಲಿವರ್ ರೀಲಿನಿಂದ ಹೊಸ ದಾರ ಎಳೆದುಕೊಳ್ಳುತ್ತದೆ, ಸಡಿಲ ದಾರ ಕೆಳಗೇ ಉಳಿದು ಗಂಟಾಗುತ್ತದೆ.

ಹಾಗಾಗಿ ರೀಲಿನಿಂದ ಶುರು ಮಾಡಿದೆವು. ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿದಾಗ ಬಿಲ್ಲೆಗಳು ಬಿಡಿಸಿಕೊಳ್ಳುತ್ತವೆ. ದಾರವನ್ನು ಆಗಲೇ ಹಾಕಬೇಕು. ಹಾಕಿದ ಮೇಲೆ ಒಂದು ಪರೀಕ್ಷೆ ಇದೆ. ಪಾದ ಮೇಲಿರುವಾಗ ದಾರ ಎಳೆದರೆ ಸಲೀಸಾಗಿ ಬರಬೇಕು, ಪಾದ ಇಳಿಸಿ ಎಳೆದರೆ ಬಿಗಿಯಾಗಬೇಕು. ಅಲ್ಲಿ ಎರಡೂ ಒಂದೇ ಥರ ಸಲೀಸಾಗಿತ್ತು. ಒಂದು ತುಂಡು ದಪ್ಪ ದಾರವನ್ನು ಬಿಲ್ಲೆಗಳ ನಡುವೆ ತೂರಿಸಿ ಉಜ್ಜಿದಾಗ ಕಪ್ಪಗೆ ಗಟ್ಟಿಯಾದ ನೂಲಿನ ಧೂಳು, ಅದರೊಳಗೆ ಯಾವತ್ತೋ ತುಂಡಾದ ಕೆಂಪು ದಾರ ಹೊರಬಂತು. ಬಿಲ್ಲೆಗಳು ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಆ ಧೂಳು ಎರಡು ದಿನದ್ದಲ್ಲ, ವರ್ಷಗಳದ್ದು. ಮಗಳು ಕೂತ ದಿನ ಅದು ಕಾಣಿಸಿಕೊಂಡಿತು, ಅಷ್ಟೆ. ದೋಷ ಕಾಣಿಸಿಕೊಂಡ ದಿನವೇ ಹುಟ್ಟಿದ ದಿನ ಆಗಬೇಕಿಲ್ಲ.

ನಿಮ್ಮ ಮನೆಯಲ್ಲೂ ಮಿಷನ್ ಇದ್ದರೆ ಕ್ರಮ ಇದು. ಮೊದಲು ದಾರ ಪೂರ್ತಿ ತೆಗೆದು ಮತ್ತೆ ಹಾಕಿ. ಲಿವರಿನ ರಂಧ್ರ ತಪ್ಪಿದೆಯೇ ನೋಡಿ. ಆಮೇಲೆ ಸೂಜಿ: ಮೊಂಡಾದರೆ, ಸ್ವಲ್ಪ ಬಾಗಿದ್ದರೂ ಬದಲಿಸಿ, ಉದ್ದ ಗೀರು ಇರುವ ಕಡೆಯಿಂದಲೇ ದಾರ ಪೋಣಿಸಿ. ಆಮೇಲೆ ಬಿಲ್ಲೆ, ಶಟಲ್, ಹಲ್ಲುಪಟ್ಟಿಯ ಕೆಳಗಿನ ಧೂಳು. ಮಿಷನ್ ಎಣ್ಣೆಯನ್ನೇ ಬಿಡಿ. ಕೊಬ್ಬರಿ ಎಣ್ಣೆ ಬಿಟ್ಟರೆ ಅಂಟಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಬಾಬಿನ್: ಕೇಸನ್ನು ದಾರದಲ್ಲಿ ತೂಗುಬಿಟ್ಟು ಮೆಲ್ಲಗೆ ಜಗ್ಗಿದರೆ ಸ್ವಲ್ಪ ಜಾರಿ ನಿಲ್ಲಬೇಕು. ಮೇಲೆ ಒಂದು ಬಣ್ಣ, ಬಾಬಿನ್‌ಗೆ ಇನ್ನೊಂದು ಬಣ್ಣದ ದಾರ ಹಾಕಿ ಹೊಲಿದರೆ ಯಾವುದು ಸಡಿಲ ಎಂದು ಬಟ್ಟೆಯೇ ಹೇಳುತ್ತದೆ. ತಿರುಪು ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. "ನೀನು ಮುಟ್ಟಿದ್ದಕ್ಕೇ ಕೆಟ್ಟಿತು." ಬಂಧುಗಳೇ, ಈ ವಾಕ್ಯವನ್ನು ನಾವು ಎಲ್ಲಿ ಕೇಳಿದ್ದೇವೆ? ನಮ್ಮ ಅಜ್ಜ ಮುತ್ತಜ್ಜಂದಿರು ಬಾವಿಕಟ್ಟೆಯಲ್ಲಿ, ಹೋಟೆಲಿನ ಲೋಟದ ಮುಂದೆ, ಗುಡಿಯ ಹೊಸ್ತಿಲಲ್ಲಿ ಕೇಳಿದ ವಾಕ್ಯ ಇದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿ ಕುಡಿದರು. ಅನಂತರ ಅಲ್ಲಿನ ಸವರ್ಣರು ಕೆರೆಗೆ ಶುದ್ಧಿ ಮಾಡಿಸಿದರು. ನೀರಿನಲ್ಲಿ ಏನು ಬದಲಾಗಿದೆ ಎಂದು ಅವರು ನೋಡಲಿಲ್ಲ, ಯಾರು ಮುಟ್ಟಿದರು ಎಂದಷ್ಟೇ ಕೇಳಿದರು.

ಕನ್ನಡದಲ್ಲಿ "ಮುಟ್ಟು" ಎಂಬ ಒಂದೇ ಪದಕ್ಕೆ ಸ್ಪರ್ಶ ಎಂಬ ಅರ್ಥವಿದೆ, ಹೆಣ್ಣುಮಕ್ಕಳ ತಿಂಗಳ ದಿನಗಳು ಎಂಬ ಅರ್ಥವಿದೆ, ಹಳೆಯ ಬಳಕೆಯಲ್ಲಿ ಉಪಕರಣ, ಸಲಕರಣೆ ಎಂಬ ಅರ್ಥವೂ ಇದೆ. ಕೆಲಸದ ಸಲಕರಣೆಗೂ ಕೈ ತಾಗುವುದಕ್ಕೂ ಒಂದೇ ಹೆಸರಿರುವ ಭಾಷೆ ನಮ್ಮದು. ಅದರಲ್ಲೇ "ಮುಟ್ಟಬೇಡ" ಎಂಬ ಮಾತು ಜಾತಿಯ ಮೇಲೂ ಹೆಣ್ಣಿನ ಮೇಲೂ ಬಿತ್ತು. ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡ ಮನೆಯೊಳಗೆ ಆ ಮಾತು "ಕೈಗುಣ" ಎಂಬ ಹೆಸರಿನಲ್ಲಿ ಉಳಿದುಕೊಂಡಿದ್ದರೆ ಅದನ್ನು ಗುರುತಿಸುವ ಜವಾಬ್ದಾರಿ ನಮ್ಮದೇ.

ಶಾಲೆಯಲ್ಲೂ ಇದನ್ನು ನೋಡುತ್ತೇನೆ. ಎಂಟನೇ ತರಗತಿಯ ಮಗುವಿಗೆ ಓದಲು ಬಾರದಿದ್ದರೆ "ಅದರ ತಲೆಗೆ ಹತ್ತಲ್ಲ" ಎಂದು ಹೇಳಿ ಮುಗಿಸುವುದು ಸುಲಭ. ದಾರ ಹಿಡಿದು ಹಿಂದಕ್ಕೆ ಹೋದರೆ, ಮೂರನೇ ತರಗತಿಯಲ್ಲಿ ಅಪ್ಪ ಅಮ್ಮ ಕಬ್ಬು ಕಡಿಯಲು ಹೋದಾಗ ಮಗುವೂ ಜೊತೆಗೆ ಹೋಗಿರುತ್ತದೆ. ವಾಪಸು ಬಂದಾಗ ತಪ್ಪಿಹೋದ ಪಾಠವನ್ನು ಯಾರೂ ಮತ್ತೆ ಕಲಿಸಿರುವುದಿಲ್ಲ. ಗಂಟು ಕಾಣುವುದು ಕೆಳಗೆ, ಬೆಂಚಿನಲ್ಲಿ. ಹಿಡಿತ ತಪ್ಪಿದ್ದು ಬಹಳ ಮೇಲೆ.

ಪಟಿಚ್ಚ ಸಮುಪ್ಪಾದ ಎಂಬ ಮಾತು ಕೇಳಲು ದೊಡ್ಡದು. ದಿನದ ಬದುಕಿನಲ್ಲಿ ಅದರ ಅರ್ಥ ಇಷ್ಟು: ಯಾವುದೂ ಕಾರಣವಿಲ್ಲದೆ ಆಗುವುದಿಲ್ಲ, ಕಾರಣ ಒಂದೇ ಆಗಿರುವುದೂ ಅಪರೂಪ. ಬಾಬಾಸಾಹೇಬರ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಪೂರ್ವಜನ್ಮದ ಕರ್ಮ ಎಂಬ ವಿವರಣೆಯನ್ನು ಒಪ್ಪುವುದಿಲ್ಲ. ಬಡವರ ಸ್ಥಿತಿಗೆ ಅವರ ಹಿಂದಿನ ಜನ್ಮವೇ ಕಾರಣ ಎಂದರೆ ಸಮಾಜವೂ ಸರ್ಕಾರವೂ ಹೊಣೆಯಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ಅವರ ವಾದ. ಕೈಗುಣ ಎನ್ನುವುದೂ ಅದೇ ವಿವರಣೆಯ ಸಣ್ಣ ರೂಪ. ಅದನ್ನು ಹೇಳಿದ ಕೂಡಲೇ ಹುಡುಕಾಟ ನಿಂತುಹೋಗುತ್ತದೆ, ಧೂಳು ಅಲ್ಲೇ ಉಳಿಯುತ್ತದೆ.

ಹಾಗಾದರೆ ಯಾರದ್ದೂ ತಪ್ಪೇ ಇಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸದಾಗಿ ಪೆಡಲ್ ತುಳಿಯುವವರು ಚಕ್ರವನ್ನು ಹಿಂದಕ್ಕೆ ತಿರುಗಿಸಿಬಿಡುತ್ತಾರೆ, ಆಗ ದಾರ ಸಿಕ್ಕಾಗುತ್ತದೆ, ತುಂಡಾಗುತ್ತದೆ. ಅದು ತಪ್ಪೇ. ಆದರೆ ಅದು ಕೆಲಸದ ತಪ್ಪು. ಹತ್ತು ನಿಮಿಷ ಪಕ್ಕದಲ್ಲಿ ಕೂತು ತೋರಿಸಿದರೆ ತಿದ್ದಬಹುದು. "ನಿನ್ನ ಕೈಯೇ ಸರಿಯಿಲ್ಲ" ಎಂದರೆ ಆ ಹುಡುಗಿ ತಿದ್ದಿಕೊಳ್ಳುವುದು ಏನನ್ನು? ಕೈಯನ್ನು ಎಲ್ಲಿ ಬಿಟ್ಟು ಬರಬೇಕು? ಕೆಲಸವನ್ನು ತಿದ್ದುವ ಮಾತು ಮನುಷ್ಯರನ್ನು ಬೆಳೆಸುತ್ತದೆ. ಹುಟ್ಟನ್ನು, ಕೈಯನ್ನು, ಹಣೆಬರಹವನ್ನು ದೂರುವ ಮಾತು ಅವರನ್ನು ಮೂಲೆಯಲ್ಲಿ ಕೂರಿಸುತ್ತದೆ. ಕಾರಣ ತಿಳಿದವರ ಹೊಣೆ ಇನ್ನೂ ಹೆಚ್ಚು: ಧೂಳು ಎಲ್ಲಿದೆ ಎಂದು ಗೊತ್ತಾದ ಮೇಲೆ ಅದನ್ನು ತೆಗೆಯದೆ ಬಿಡುವಂತಿಲ್ಲ.

ಇಂದಿನ ಅಭ್ಯಾಸ: ಇವತ್ತು ಮನೆಯಲ್ಲೋ ಕೆಲಸದ ಜಾಗದಲ್ಲೋ ಏನಾದರೂ ಕೆಟ್ಟರೆ "ಯಾರು ಮುಟ್ಟಿದರು?" ಎಂದು ಕೇಳುವ ಮೊದಲು "ಇದು ಎಲ್ಲಿಂದ ಶುರುವಾಯಿತು?" ಎಂದು ಕೇಳಿ. ಉತ್ತರ ಹುಡುಕುವಾಗ, ಇಷ್ಟು ದಿನ ಯಾರನ್ನು ದೂರುತ್ತಿದ್ದಿರೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.